ನರ್ಸಿಂಗ್ ಮುಗಿಯಿತು, ಮುಂದೆ? ಹಾಸನದಲ್ಲಿ ಮೊದಲ ಆಸ್ಪತ್ರೆ ಕೆಲಸ ಹಿಡಿಯುವ ದಾರಿ

ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. "ಅಕ್ಕ, ಎಲ್ಲಾದ್ರೂ ವೇಕೆನ್ಸಿ ಇದ್ಯಾ?" ಹದಿಮೂರು ವರ್ಷದಿಂದ ಹಾಸನದ ವಾರ್ಡುಗಳಲ್ಲೇ ಓಡಾಡುತ್ತಿದ್ದೇನೆ, ಹಾಗಾಗಿ ನನಗೆ ಗೊತ್ತಿರಬಹುದು ಅಂತ ಕೇಳುತ್ತಾರೆ. ನಿಜ ಹೇಳಬೇಕೆಂದರೆ ವೇಕೆನ್ಸಿ ಯಾವಾಗಲೂ ಇರುತ್ತದೆ. ಒಬ್ಬಳಿಗೆ ಮದುವೆ, ಒಬ್ಬಳಿಗೆ ಬೆಂಗಳೂರು, ಇನ್ನೊಬ್ಬಳಿಗೆ ಗಲ್ಫ್. ನರ್ಸುಗಳು ಬಿಟ್ಟು ಹೋಗುತ್ತಲೇ ಇರುತ್ತಾರೆ. ಕೆಲಸ ಸಿಗುವುದು ಅಷ್ಟೇನೂ ಕಷ್ಟವಲ್ಲ. ಸರಿಯಾದ ಕಡೆ ಸಿಗುವುದು ಕಷ್ಟ.

ನಾನು ಮೊದಲು ಸೇರಿದ್ದು ಒಂದು ಸಣ್ಣ ನರ್ಸಿಂಗ್ ಹೋಮ್. ಸೇರಿದ ಒಂಬತ್ತನೇ ದಿನ ನೈಟ್ ಡ್ಯೂಟಿ ಹಾಕಿದರು. ಮಹಡಿಯಲ್ಲಿ ಹದಿನಾಲ್ಕು ಪೇಶೆಂಟ್, ನಾನೊಬ್ಬಳೇ ನರ್ಸ್, ಜೊತೆಗೆ ಒಬ್ಬರು ಆಯಾ. ರಾತ್ರಿ ಎರಡೂವರೆಗೆ ಅರಕಲಗೂಡು ಕಡೆಯ ಒಬ್ಬ ತಾತನಿಗೆ ಏದುಸಿರು ಶುರುವಾಯಿತು. ಆಕ್ಸಿಜನ್ ಹಾಕೋಣ ಅಂತ ನೋಡಿದರೆ ಸಿಲಿಂಡರ್ ಖಾಲಿ. ಪಕ್ಕದಲ್ಲೇ ತುಂಬಿದ ಸಿಲಿಂಡರ್ ನಿಂತಿದೆ, ಆದರೆ ಅದನ್ನು ತೆರೆಯುವ ಸ್ಪ್ಯಾನರ್ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಟ್ರಾಲಿ ಎಲ್ಲ ತಡಕಾಡಿದೆ. ಕೊನೆಗೆ ಆಯಾ ಎದ್ದು ಬಂದು, ಡ್ರೆಸ್ಸಿಂಗ್ ರೂಮಿನ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಸ್ಪ್ಯಾನರ್ ತಂದು ಕೈಗಿಟ್ಟರು. ತಾತ ಬದುಕಿದರು. ನಾನು ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ.

ಅವತ್ತಿನಿಂದ ಕೆಲಸ ಕೇಳುವ ಹುಡುಗಿಯರಿಗೆಲ್ಲ ನಾನು ಹೇಳುವುದು ಒಂದೇ. ಸಂಬಳ ಎಷ್ಟು ಅಂತ ಕೇಳುವ ಮುಂಚೆ ಇದನ್ನು ಕೇಳಿ: "ಮೊದಲ ಮೂರು ತಿಂಗಳು ರಾತ್ರಿ ಡ್ಯೂಟಿಯಲ್ಲಿ ನನ್ನ ಜೊತೆ ಯಾರಿರ್ತಾರೆ?" ಈ ಪ್ರಶ್ನೆಗೆ ಬರುವ ಉತ್ತರದಲ್ಲೇ ಆ ಆಸ್ಪತ್ರೆಯ ಅರ್ಧ ಜಾತಕ ಇರುತ್ತದೆ.

ಮೊದಲು ರಿಜಿಸ್ಟ್ರೇಷನ್, ಆಮೇಲೆ ಮಿಕ್ಕಿದ್ದು

ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮುಗಿಸಿದವರಿಗೆ ಮಾರ್ಕ್ಸ್ ಕಾರ್ಡ್ ಬರುವುದು ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯಿಂದ. ಬಿಎಸ್ಸಿಯವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಿಂದ. ಆದರೆ ಮಾರ್ಕ್ಸ್ ಕಾರ್ಡ್ ಇದ್ದ ಮಾತ್ರಕ್ಕೆ ನೀವು ನರ್ಸ್ ಅಲ್ಲ. ಬೆಂಗಳೂರಿನಲ್ಲಿರುವ ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿ ಆಗಿ, ಆರ್‌ಎನ್ ಆರ್‌ಎಂ ನಂಬರ್ ಬಂದ ಮೇಲೆಯೇ ನೀವು ನೋಂದಾಯಿತ ನರ್ಸ್ ಮತ್ತು ಮಿಡ್‌ವೈಫ್.

ಬಹಳ ಜನ ಇಲ್ಲೇ ಆರು ತಿಂಗಳು ಕಳೆದುಕೊಳ್ಳುತ್ತಾರೆ. ಕೋರ್ಸ್ ಮುಗಿದ ಖುಷಿಯಲ್ಲಿ ಊರಿಗೆ ಹೋಗುತ್ತಾರೆ, ಹಬ್ಬ ಮಾಡುತ್ತಾರೆ, ಕಾಲೇಜಿನಿಂದ ಕೋರ್ಸ್ ಕಂಪ್ಲೀಷನ್ ಸರ್ಟಿಫಿಕೇಟ್ ತರುವುದನ್ನು ಮುಂದಕ್ಕೆ ಹಾಕುತ್ತಾರೆ. ಆಮೇಲೆ ಕಾಲೇಜಿಗೆ ಹೋದರೆ "ಲೈಬ್ರರಿ ಡ್ಯೂ ಇದೆ, ಹಾಸ್ಟೆಲ್ ಡ್ಯೂ ಇದೆ, ಪ್ರಿನ್ಸಿಪಾಲ್ ರಜೆ." ಕಾಲೇಜು ಬಿಡುವ ಕೊನೆಯ ವಾರವೇ ನೋ ಡ್ಯೂ ಮಾಡಿಸಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡ್, ನರ್ಸಿಂಗ್‌ನ ಎಲ್ಲ ವರ್ಷದ ಮಾರ್ಕ್ಸ್ ಕಾರ್ಡ್, ಕೋರ್ಸ್ ಕಂಪ್ಲೀಷನ್, ಟ್ರಾನ್ಸ್‌ಕ್ರಿಪ್ಟ್, ಆಧಾರ್, ಫೋಟೋ ಎಲ್ಲ ಒಂದೇ ಫೈಲಿನಲ್ಲಿರಲಿ. ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ ನಿಮ್ಮದೇ ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಹೊರ ರಾಜ್ಯದಲ್ಲಿ ಓದಿ ಬಂದವರಾದರೆ ಅಲ್ಲಿನ ಕೌನ್ಸಿಲ್‌ನಿಂದ ಎನ್‌ಒಸಿ ತರಬೇಕಾಗುತ್ತದೆ, ಅದಕ್ಕೆ ಇನ್ನೂ ಬೇಗ ಶುರು ಮಾಡಿ.

ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ರೈಲು ಆರಾಮ. "ನಾನು ಕೌನ್ಸಿಲ್‌ನಲ್ಲಿ ಬೇಗ ಮಾಡಿಸಿಕೊಡ್ತೀನಿ, ಇಷ್ಟು ಕೊಡಿ" ಅನ್ನುವವರು ದಾರಿಯಲ್ಲಿ ಸಿಗುತ್ತಾರೆ. ನಿಮ್ಮ ಅರ್ಜಿ ನೀವೇ ಹಾಕಿ.

ಹೆಸರಿನ ಗೋಜಲು

ಇದಕ್ಕೆ ಬೇರೆಯೇ ತಲೆಬರಹ ಕೊಟ್ಟಿದ್ದೇನೆ, ಯಾಕೆಂದರೆ ನಮ್ಮ ಕಡೆಯವರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಎಸ್‌ಎಸ್‌ಎಲ್‌ಸಿಯಲ್ಲಿ "ಕಾವ್ಯ ಹೆಚ್ ಆರ್" ಅಂತಿರುತ್ತದೆ. ಆಧಾರ್‌ನಲ್ಲಿ "ಕಾವ್ಯ". ಬ್ಯಾಂಕಿನಲ್ಲಿ "ಕಾವ್ಯ ರಾಜೇಗೌಡ". ಪಾಸ್‌ಪೋರ್ಟ್ ಮಾಡಿಸಿದರೆ ಅದರಲ್ಲಿ ಊರಿನ ಹೆಸರೂ ಸೇರಿ ಉದ್ದ ಆಗಿರುತ್ತದೆ. ನಾಲ್ಕೂ ಒಬ್ಬಳೇ ಹುಡುಗಿ, ಆದರೆ ಕಂಪ್ಯೂಟರ್‌ಗೆ ನಾಲ್ಕು ಜನ. ಪಿಎಫ್ ಖಾತೆ ತೆರೆಯುವಾಗ ತಕರಾರು, ಸರ್ಕಾರಿ ದಾಖಲೆ ಪರಿಶೀಲನೆಯಲ್ಲಿ ತಕರಾರು, ಮುಂದೆ ಹೊರದೇಶಕ್ಕೆ ಹೋಗುವಾಗ ಇನ್ನೂ ದೊಡ್ಡ ತಕರಾರು.

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡನ್ನು ಮೂಲ ಅಂತ ಇಟ್ಟುಕೊಳ್ಳಿ. ಮಿಕ್ಕಿದ್ದೆಲ್ಲ ಅದಕ್ಕೆ ಹೊಂದುವ ಹಾಗೆ ಈಗಲೇ ತಿದ್ದಿಸಿ. ಆಧಾರ್ ತಿದ್ದುವುದು ಸುಲಭ, ಎಸ್‌ಎಸ್‌ಎಲ್‌ಸಿ ತಿದ್ದುವುದು ಸಾಹಸ. ಹುಟ್ಟಿದ ದಿನಾಂಕವನ್ನೂ ನೋಡಿಕೊಳ್ಳಿ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಒಂದು, ಅಜ್ಜಿ ಹೇಳುವ ತಾರೀಖು ಇನ್ನೊಂದು ಇರುವ ಊರು ನಮ್ಮದು, ಅಲ್ವಾ?

ಯಾವ ಆಸ್ಪತ್ರೆ?

ಹಾಸನದಲ್ಲಿ ದೊಡ್ಡದು ಅಂದರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಎಲ್ಲರ ಬಾಯಲ್ಲಿ ಹಿಮ್ಸ್. 2006ರಲ್ಲಿ ಶುರುವಾದ ಸರ್ಕಾರಿ ಮೆಡಿಕಲ್ ಕಾಲೇಜು. ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಇದಕ್ಕೆ ಸೇರಿದ್ದು. ಹಳಬರು ಈಗಲೂ ಧರ್ಮಾಸ್ಪತ್ರೆ ಅಂತಲೇ ಕರೆಯುತ್ತಾರೆ. ಅಲ್ಲಿ ಸುಮ್ನೆ ರೆಸ್ಯೂಮೆ ಕೊಟ್ಟು ಸೇರಲು ಆಗುವುದಿಲ್ಲ, ಅಧಿಸೂಚನೆ ಬರಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಹೊಸಬರಿಗೆ ಬೇಗ ಬಾಗಿಲು ತೆರೆಯುವುದು ಖಾಸಗಿ ಆಸ್ಪತ್ರೆಗಳು. ಇವುಗಳಲ್ಲಿ ಮೂರು ಥರ. ಒಂದು, ಹದಿನೈದು ಇಪ್ಪತ್ತು ಬೆಡ್ಡಿನ ನರ್ಸಿಂಗ್ ಹೋಮ್. ಹಾಸನದಲ್ಲೂ ಇವೆ, ಚನ್ನರಾಯಪಟ್ಟಣ, ಅರಸೀಕೆರೆ, ಹೊಳೆನರಸೀಪುರದಲ್ಲೂ ಇವೆ. ಇಲ್ಲಿ ಎಲ್ಲ ಕೆಲಸವೂ ಕೈಗೆ ಬರುತ್ತದೆ. ಹೆರಿಗೆ, ಓಟಿ, ಡ್ರೆಸ್ಸಿಂಗ್, ಕೆಲವೊಮ್ಮೆ ಬಿಲ್ಲಿಂಗ್ ಕೂಡ. ಆದರೆ ಕಲಿಸುವವರು ಇರುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ. ಎರಡು, ಐವತ್ತರಿಂದ ನೂರೈವತ್ತು ಬೆಡ್ಡಿನ ಮಧ್ಯಮ ಆಸ್ಪತ್ರೆಗಳು ಮತ್ತು ಹಳೆಯ ಮಿಷನ್ ಆಸ್ಪತ್ರೆಗಳು. ಹಾಸನದ ಸಿಎಸ್‌ಐ ರೆಡ್‌ಫರ್ನ್, ಚಿಕ್ಕಮಗಳೂರಿನ ಹೋಲಿ ಕ್ರಾಸ್ ಹೆಸರು ಕೇಳಿರುತ್ತೀರಿ. ಮೂರು, ಮೆಡಿಕಲ್ ಕಾಲೇಜಿನ ಬೋಧನಾ ಆಸ್ಪತ್ರೆಗಳು: ಬೆಂಗಳೂರು ದಾರಿಯಲ್ಲಿ ಬಿಜಿ ನಗರದ ಆದಿಚುಂಚನಗಿರಿ, ಮೈಸೂರಿನ ಜೆಎಸ್‌ಎಸ್, ಘಟ್ಟ ಇಳಿದರೆ ಮಂಗಳೂರಿನ ಫಾದರ್ ಮುಲ್ಲರ್.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಎರಡು ವರ್ಷಕ್ಕೆ ಎರಡನೆಯದೋ ಮೂರನೆಯದೋ. ಕಾರಣ ಬರೀ ಕಲಿಕೆ ಅಲ್ಲ. ಏಮ್ಸ್ ಆಸ್ಪತ್ರೆಗಳಿಗೆ ನರ್ಸಿಂಗ್ ಆಫೀಸರ್ ಆಯ್ಕೆ ಮಾಡುವ ನಾರ್ಸೆಟ್ ಪರೀಕ್ಷೆ ಇದೆಯಲ್ಲ, ಅದಕ್ಕೆ ಜಿಎನ್‌ಎಂ ಮಾಡಿದವರು ಕೂರಬೇಕಾದರೆ ಕನಿಷ್ಠ 50 ಬೆಡ್ಡಿನ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಬಿಎಸ್ಸಿಯವರಿಗೆ ಆ ಷರತ್ತಿಲ್ಲ. ನನ್ನ ಬ್ಯಾಚಿನ ಒಬ್ಬಳು 30 ಬೆಡ್ಡಿನ ಕಡೆ ಮೂರು ವರ್ಷ ದುಡಿದು ಆಮೇಲೆ ಇದನ್ನು ತಿಳಿದುಕೊಂಡಳು. ಆ ಮೂರು ವರ್ಷ ಲೆಕ್ಕಕ್ಕೇ ಬರಲಿಲ್ಲ. ಹಾಗಾಗಿ ಜಿಎನ್‌ಎಂ ಆದವರು ಬೆಡ್ ಎಷ್ಟು ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಇನ್ನೊಂದು ಸಣ್ಣ ಪರೀಕ್ಷೆ. ಆಸ್ಪತ್ರೆಗೆ ಹೋದಾಗ ರಿಸೆಪ್ಷನ್ ಹತ್ತಿರದ ಗೋಡೆ ನೋಡಿ. ಖಾಸಗಿ ಆಸ್ಪತ್ರೆಗಳು ಅವುಗಳಿಗಾಗಿಯೇ ಇರುವ ರಾಜ್ಯದ ಕೆಪಿಎಂಇ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ಆ ಪ್ರಮಾಣಪತ್ರ ಕಣ್ಣಿಗೆ ಬೀಳಬೇಕು. ಅದು ಕಾಣದಿದ್ದರೆ ಕೇಳಿ. ಆಸ್ಪತ್ರೆಯ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಇದ್ದರೆ ಇನ್ನೂ ಒಳ್ಳೆಯದು. ಅಂಥ ಕಡೆ ಹೊಸಬರಿಗೆ ಓರಿಯೆಂಟೇಷನ್ ಕೊಟ್ಟಿದ್ದಕ್ಕೆ ಪುಸ್ತಕದಲ್ಲಿ ದಾಖಲೆ ಇರಬೇಕಾಗುತ್ತದೆ, ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ.

ಬೆಂಗಳೂರಿಗೇ ಹೋಗಲೇ ಅಂತ ಕೇಳುವವರು ಬಹಳ. ಹೋಗಿ, ತಪ್ಪಿಲ್ಲ. ಕೈಗೆ ಬರುವುದು ಅಲ್ಲಿ ಜಾಸ್ತಿ. ಆದರೆ ಪಿಜಿ ಬಾಡಿಗೆ, ಊಟ, ತಿಂಗಳಿಗೆ ಎರಡು ಸಲ ಊರಿನ ಬಸ್ಸು ಕಳೆದು ಉಳಿದದ್ದನ್ನು ಹಾಸನದ ಸಂಬಳದ ಪಕ್ಕ ಇಟ್ಟು ನೋಡಿ. ಇಲ್ಲಿ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಆಲೂರಿನಿಂದಲೋ ಬೇಲೂರಿನಿಂದಲೋ ಓಡಾಡಬಹುದು. ಒಂದೇ ತೊಂದರೆ, ರಾತ್ರಿ ಎಂಟಕ್ಕೆ ಡ್ಯೂಟಿ ಬಿಟ್ಟರೆ ನಿಮ್ಮ ಹಳ್ಳಿಗೆ ಬಸ್ಸಿರುತ್ತದೆಯೇ? ಹಾಸ್ಟೆಲ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಹುಡುಗರಿಗೆ ಒಂದು ಮಾತು. ನಿಮ್ಮನ್ನು ಬ್ರದರ್ ಅಂತ ಕರೆಯುವ ಕಡೆ ಹೆರಿಗೆ ವಾರ್ಡ್ ಸಿಗುವುದಿಲ್ಲ, ಬಿಡಿ. ಕ್ಯಾಶುವಾಲಿಟಿ, ಐಸಿಯು, ಓಟಿ, ಡಯಾಲಿಸಿಸ್‌ನಲ್ಲಿ ನಿಮಗೆ ಒಳ್ಳೆ ಬೇಡಿಕೆ ಇದೆ. ನೇರವಾಗಿ ಆ ವಿಭಾಗಕ್ಕೇ ಕೇಳಿ.

ಕಾಲಿಟ್ಟು ಕೇಳಬೇಕು

ಜಾಬ್ ವೆಬ್‌ಸೈಟುಗಳು ಬೆಂಗಳೂರಿಗೆ ಸರಿ. ಹಾಸನದಲ್ಲಿ ಕೆಲಸ ಸಿಗುವುದು ಸೀನಿಯರ್‌ಗಳ ವಾಟ್ಸಾಪ್ ಗುಂಪಿನಲ್ಲಿ ಮತ್ತು ನೀವೇ ಆಸ್ಪತ್ರೆಗೆ ಹೋದಾಗ. ಫೈಲ್ ಹಿಡಿದು ಹೋಗಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ಕೇಳಿ. ರಿಸೆಪ್ಷನ್‌ನಲ್ಲಿ ರೆಸ್ಯೂಮೆ ಕೊಟ್ಟು ಬಂದರೆ ಅದು ಡ್ರಾಯರ್‌ನಲ್ಲೇ ಮಲಗುತ್ತದೆ.

ಹೋಗುವ ಹೊತ್ತು ಮುಖ್ಯ. ಸೋಮವಾರ ಬೆಳಗ್ಗೆ ಬೇಡ, ಒಪಿಡಿ ಜಾತ್ರೆ. ಬೆಳಗ್ಗೆ ಎಂಟರಿಂದ ಹತ್ತೂವರೆ ಯಾವ ದಿನವೂ ಬೇಡ, ಹ್ಯಾಂಡೋವರ್ ಮತ್ತು ರೌಂಡ್ಸ್. ವಾರದ ನಡುವೆ ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ ಹೋಗಿ. ಮೇಡಂ ಊಟ ಮಾಡಿ ಕೂತಿರುತ್ತಾರೆ, ನಾಲ್ಕು ಮಾತಾಡಲು ಸಮಯ ಇರುತ್ತದೆ. ಕಾಯುವಾಗ ಫೋನ್ ನೋಡಬೇಡಿ, ವಾರ್ಡ್ ನೋಡಿ. ಸಿಸ್ಟರ್‌ಗಳು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ? ಕೈ ತೊಳೆಯುವ ಬೇಸಿನ್‌ನಲ್ಲಿ ಸೋಪು ಇದೆಯಾ? ಕಸದ ಡಬ್ಬಿಗಳು ಹಳದಿ, ಕೆಂಪು, ಬಿಳಿ, ನೀಲಿ ಅಂತ ಬೇರೆ ಬೇರೆ ಇವೆಯಾ, ಇಲ್ಲಾ ಎಲ್ಲ ಸೂಜಿಯೂ ಒಂದೇ ಬಕೆಟ್ಟಿಗೆ ಹೋಗುತ್ತಿದೆಯಾ? ಸೂಜಿ ಎಲ್ಲಿ ಬೀಳುತ್ತದೆ ಅನ್ನುವುದು ನಾಳೆ ನಿಮ್ಮ ಬೆರಳಿನ ವಿಷಯ.

ಬೇಡಿಕೆ ಇಲ್ಲ ಅಂದರೆ "ಯಾವಾಗ ಬಂದು ಕೇಳ್ಲಿ ಮೇಡಂ?" ಅಂತ ಕೇಳಿ, ಹೇಳಿದ ದಿನ ಮತ್ತೆ ಹೋಗಿ. ಎರಡನೇ ಸಲ ಬಂದ ಹುಡುಗಿಯ ಮುಖ ನೆನಪಿರುತ್ತದೆ.

ರೆಸ್ಯೂಮೆ ಒಂದು ಪುಟ ಸಾಕು

ಸೈಬರ್ ಸೆಂಟರ್‌ನವರು ಕೊಡುವ ಮಾದರಿಯಲ್ಲಿ ತಂದೆ ಹೆಸರು, ಹವ್ಯಾಸ, ಕೊನೆಯಲ್ಲಿ ಪ್ರಮಾಣವಚನ ಎಲ್ಲ ಇರುತ್ತದೆ. ಬೇಕಾದ್ದೇ ಇರುವುದಿಲ್ಲ. ಮೇಲೆ ಹೆಸರು, ಫೋನ್, ಅದರ ಕೆಳಗೇ ಕೌನ್ಸಿಲ್ ನೋಂದಣಿ ಸಂಖ್ಯೆ. ಇನ್ನೂ ಬಂದಿಲ್ಲದಿದ್ದರೆ ಅರ್ಜಿ ಹಾಕಿದ ದಿನಾಂಕ. ಆಮೇಲೆ ಕ್ಲಿನಿಕಲ್ ಪೋಸ್ಟಿಂಗ್: ಯಾವ ಆಸ್ಪತ್ರೆ, ಯಾವ ವಾರ್ಡ್, ಎಷ್ಟು ವಾರ. ನಿಮ್ಮ ಲಾಗ್ ಬುಕ್ ತೆಗೆದು ನೋಡಿ. ಎಷ್ಟು ಹೆರಿಗೆ ಮಾಡಿಸಿದ್ದೀರಿ, ಕ್ಯಾಥೆಟರ್, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಎಷ್ಟು ಹಾಕಿದ್ದೀರಿ, ಎಷ್ಟು ನೋಡಿದ್ದೀರಿ. ಹಾಕಿದ್ದನ್ನು ಹಾಕಿದ್ದೇನೆ ಅನ್ನಿ, ನೋಡಿದ್ದನ್ನು ನೋಡಿದ್ದೇನೆ ಅನ್ನಿ. ವೆಂಟಿಲೇಟರ್ ಗೊತ್ತು ಅಂತ ಬರೆದು, ಸೇರಿದ ದಿನವೇ ವೆಂಟಿಲೇಟರ್ ಪೇಶೆಂಟ್ ಮುಂದೆ ನಿಂತ ಹುಡುಗನನ್ನು ನೋಡಿದ್ದೇನೆ. ಪಾಪ, ಬೆವರು ಒರೆಸಿಕೊಳ್ಳುತ್ತಲೇ ಇದ್ದ.

ತುರ್ತಿನಲ್ಲಿ ಜೀವ ಉಳಿಸುವ ಬಿಎಲ್‌ಎಸ್ ತರಬೇತಿ ಮಾಡಿಕೊಂಡಿದ್ದರೆ ಬರೆಯಿರಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕಾರ್ಡ್ ಎರಡು ವರ್ಷ ಚಾಲ್ತಿ ಇರುತ್ತದೆ. ಭಾಷೆಯ ಸಾಲಿನಲ್ಲಿ ಕನ್ನಡವನ್ನು ಮೊದಲು ಬರೆಯಿರಿ. ಇದು ಸಣ್ಣದಲ್ಲ. ಹೊರ ರಾಜ್ಯದ ನರ್ಸುಗಳು ಜಾಸ್ತಿ ಇರುವ ವಾರ್ಡಿನಲ್ಲಿ "ಎದೆ ಹಿಂಡ್ದಂಗಾಯ್ತದೆ ನರ್ಸಮ್ಮ" ಅಂತ ಒಬ್ಬ ಅಜ್ಜಿ ಹೇಳಿದರೆ, ಅದು ಗ್ಯಾಸಲ್ಲ, ಇಸಿಜಿ ತೆಗೆಯಬೇಕು ಅಂತ ತಕ್ಷಣ ಹೊಳೆಯುವುದು ನಿಮಗೆ.

ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ

ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಭಯ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಮಾತು ಬಹುಪಾಲು ಕನ್ನಡದಲ್ಲೇ ನಡೆಯುತ್ತದೆ. ಆದರೆ ಕೇಸ್ ಶೀಟ್ ಇಂಗ್ಲಿಷ್‌ನಲ್ಲಿ ಬರೆಯಬೇಕು. ಹಾಗಾಗಿ ಒಂದು ನರ್ಸಸ್ ನೋಟ್ ಬರೆಯಲು ಕೊಡಬಹುದು. ಮನೆಯಲ್ಲಿ ದಿನಕ್ಕೊಂದು ಬರೆದು ಅಭ್ಯಾಸ ಮಾಡಿ. ನಿಮ್ಮ ಪರಿಚಯ ಹೇಳುವ ಐದು ವಾಕ್ಯ ಇಂಗ್ಲಿಷ್‌ನಲ್ಲಿ ಬಾಯಿಗೆ ಬರುವಂತೆ ಮಾಡಿಕೊಳ್ಳಿ. ಅಷ್ಟು ಸಾಕು.

ನಾನೇ ಈಗ ಹೊಸಬರ ಇಂಟರ್‌ವ್ಯೂನಲ್ಲಿ ಕೂರುತ್ತೇನೆ. ನಾನು ಕೇಳುವ ಮೊದಲ ಪ್ರಶ್ನೆ ಡ್ರಿಪ್ ಲೆಕ್ಕ. "500 ಎಂಎಲ್ ನಾರ್ಮಲ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು. ಸೆಟ್ 20 ಡ್ರಾಪ್‌ನದು. ನಿಮಿಷಕ್ಕೆ ಎಷ್ಟು ಹನಿ?" ಈ ಸೆಟ್‌ನಲ್ಲಿ 20 ಹನಿಗೆ ಒಂದು ಎಂಎಲ್, ಹಾಗಾಗಿ 500ನ್ನು 20ರಿಂದ ಗುಣಿಸಿದರೆ 10,000 ಹನಿ. 8 ಗಂಟೆ ಅಂದರೆ 480 ನಿಮಿಷ. ಭಾಗಿಸಿದರೆ 20.8, ಅಂದರೆ 21 ಹನಿ. ಇಲ್ಲಿ ಚುರುಕಾದವರು ತಿರುಗಿ ಒಂದು ಪ್ರಶ್ನೆ ಕೇಳುತ್ತಾರೆ: "ಸೆಟ್ ಕವರ್ ಮೇಲೆ 20 ಅಂತಲೇ ಇದ್ಯಾ ಮೇಡಂ?" ಮೈಕ್ರೋ ಸೆಟ್ ಆದರೆ 60 ಹನಿಗೆ ಒಂದು ಎಂಎಲ್. ಕವರ್ ಓದದೆ ಲೆಕ್ಕ ಮಾಡುವವರಿಗಿಂತ ಓದಿ ಲೆಕ್ಕ ಮಾಡುವವರು ನನಗೆ ಬೇಕು.

ಎರಡನೆಯದು ಇನ್ಸುಲಿನ್. ಟೇಬಲ್ ಮೇಲೆ ಎರಡು ಸಿರಿಂಜ್ ಇಡುತ್ತೇನೆ. ಕೆಂಪು ಮುಚ್ಚಳದ್ದು 40 ಯೂನಿಟ್‌ನದು, ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನದು. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಬಹುಪಾಲು ಒಂದು ಎಂಎಲ್‌ಗೆ 40 ಯೂನಿಟ್. 100 ಯೂನಿಟ್‌ನದೂ ಸಿಗುತ್ತದೆ. ಈಗ 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 10ರ ಗೆರೆವರೆಗೆ ಎಳೆದರೆ ಏನಾಗುತ್ತದೆ? ಗೆರೆ 10 ಅನ್ನುತ್ತದೆ, ಒಳಗೆ ಇರುವುದು ಕಾಲು ಎಂಎಲ್, ಅಂದರೆ 25 ಯೂನಿಟ್. ಎರಡೂವರೆ ಪಟ್ಟು. ಪೇಶೆಂಟ್ ಬೆಳಗಿನ ಜಾವ ಬೆವೆತು, ಮಂಕಾಗಿ ಬಿದ್ದಿರುತ್ತಾರೆ. ಉಲ್ಟಾ ಆದರೆ, 40ರ ಬಾಟಲಿಯಿಂದ ಕಿತ್ತಳೆ ಸಿರಿಂಜ್‌ನಲ್ಲಿ 10 ಎಳೆದರೆ, ಹೋಗುವುದು ಬರೀ 4 ಯೂನಿಟ್. ಇದನ್ನು ಬಾಯಿಪಾಠ ಮಾಡಬೇಡಿ. ಮೆಡಿಕಲ್ ಸ್ಟೋರಿನಿಂದ ಎರಡೂ ಸಿರಿಂಜ್ ತಂದು, ನೀರು ಎಳೆದು, ಪಕ್ಕಪಕ್ಕ ಹಿಡಿದು ನೋಡಿ. ಆಮೇಲೆ ಮರೆಯುವುದೇ ಇಲ್ಲ.

ಮಿಕ್ಕಂತೆ ಸಿಪಿಆರ್: 30 ಒತ್ತು, 2 ಉಸಿರು, ನಿಮಿಷಕ್ಕೆ 100ರಿಂದ 120ರ ವೇಗ. ಪೊಟ್ಯಾಶಿಯಂ ಕ್ಲೋರೈಡ್ ನೇರವಾಗಿ ಐವಿ ಪುಶ್ ಕೊಡಬಾರದು ಅನ್ನುವುದು. ರಕ್ತ ಹಾಕುವಾಗ ಮೊದಲ ಹದಿನೈದು ನಿಮಿಷ ಪಕ್ಕದಲ್ಲೇ ಯಾಕೆ ಇರಬೇಕು, ಒಂದು ಬ್ಯಾಗ್ 4 ಗಂಟೆಯೊಳಗೆ ಯಾಕೆ ಮುಗಿಯಬೇಕು. ಪ್ರಜ್ಞೆಯ ಮಟ್ಟ ಅಳೆಯುವ ಜಿಸಿಎಸ್ ಲೆಕ್ಕ. ಯಾವ ಕಸ ಯಾವ ಬಣ್ಣದ ಡಬ್ಬಿಗೆ: ಸೂಜಿ ಬಿಳಿಗೆ, ಐವಿ ಸೆಟ್ ಕೆಂಪಿಗೆ, ರಕ್ತ ಹತ್ತಿದ ಹತ್ತಿ ಹಳದಿಗೆ, ಗಾಜಿನ ಬಾಟಲಿ ನೀಲಿಗೆ.

ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಇಂಜೆಕ್ಷನ್ ತಪ್ಪು ಕೊಟ್ಟುಬಿಟ್ರೆ ಏನ್ಮಾಡ್ತೀಯಮ್ಮ?" ಮೊನ್ನೆ ಒಬ್ಬಳು "ಕೊಡೋದೇ ಇಲ್ಲ ಮೇಡಂ" ಅಂದಳು. ಅವಳನ್ನು ತೆಗೆದುಕೊಳ್ಳಲಿಲ್ಲ. ಇನ್ನೊಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲು ಪೇಶೆಂಟ್ ನೋಡ್ತೀನಿ, ಬಿಪಿ ಪಲ್ಸ್ ನೋಡ್ತೀನಿ. ಡ್ಯೂಟಿ ಡಾಕ್ಟ್ರಿಗೂ ಇನ್‌ಚಾರ್ಜ್ ಸಿಸ್ಟರ್‌ಗೂ ಹೇಳ್ತೀನಿ. ಆಮೇಲೆ ಬರೀತೀನಿ. ಬೈತಾರೆ, ಬೈಸ್ಕೋತೀನಿ" ಅಂದಳು. ಅವಳು ಈಗ ನಮ್ಮ ಐಸಿಯುನಲ್ಲಿದ್ದಾಳೆ.

ಅವರ ಪ್ರಶ್ನೆ ಮುಗಿದ ಮೇಲೆ ನಿಮ್ಮದು. ರಾತ್ರಿ ಜೊತೆಗೆ ಯಾರಿರುತ್ತಾರೆ? ಎಷ್ಟು ದಿನ ಸೀನಿಯರ್ ಜೊತೆ ಡ್ಯೂಟಿ ಹಾಕುತ್ತೀರಿ? ಒಬ್ಬರಿಗೆ ಎಷ್ಟು ಪೇಶೆಂಟ್? ತಲೆ ತಗ್ಗಿಸದೆ ಕೇಳಿ. "ಎಲ್ಲ ಅಡ್ಜಸ್ಟ್ ಮಾಡ್ಕೋಬೇಕಮ್ಮ" ಅನ್ನುವ ಉತ್ತರ ಬಂದರೆ ಕೈ ಮುಗಿದು ಹೊರಡಿ.

ಆಫರ್ ಲೆಟರ್, ಬಾಂಡ್, ಒರಿಜಿನಲ್

ನನ್ನ ಮೊದಲ ಕಡೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲ ಇಸಿದುಕೊಂಡಿದ್ದರು. ಹನ್ನೊಂದನೇ ತಿಂಗಳು ಒಂದು ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂತು. ಒರಿಜಿನಲ್ ಕೊಡಿ ಅಂದರೆ "ಬಾಂಡ್ ಮುಗೀಲಿ" ಅಂದರು. ಆ ದಿನ ಹೋಯಿತು, ಆ ಕೆಲಸವೂ ಹೋಯಿತು. ಹಾಗಾಗಿ ಗಟ್ಟಿಯಾಗಿ ಹೇಳುತ್ತೇನೆ: ಒರಿಜಿನಲ್ ತೋರಿಸಿ, ಎದುರೇ ಕೂತು ಪರಿಶೀಲನೆ ಮಾಡಿಸಿ, ವಾಪಸ್ ತನ್ನಿ. ಜೆರಾಕ್ಸ್‌ಗೆ ಸಹಿ ಮಾಡಿ ಕೊಡಿ. ಒರಿಜಿನಲ್ ಇಟ್ಟುಕೊಳ್ಳದೆ ಕೆಲಸ ಕೊಡುವುದಿಲ್ಲ ಅನ್ನುವ ಕಡೆ ಸೇರಬೇಡಿ, ಖಾಲಿ ಚೆಕ್ ಕೇಳಿದರೂ ಅಷ್ಟೇ.

ಬಾಂಡ್ ಪೇಪರಿನಲ್ಲಿ ಸಹಿ ಹಾಕುವ ಮುಂಚೆ ಮನೆಗೆ ತಂದು ಓದಿ. ಎಷ್ಟು ತಿಂಗಳು, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು, ನೋಟಿಸ್ ಎಷ್ಟು ದಿನ, ಸರ್ಕಾರಿ ಕೆಲಸ ಸಿಕ್ಕರೆ ಬಿಡುತ್ತಾರಾ.

ಸಂಬಳ ಅಂದರೆ ಅವರು ಹೇಳುವುದು ಒಂದು, ಕೈಗೆ ಬರುವುದು ಇನ್ನೊಂದು. 15,000 ಮೂಲ ವೇತನ ಅಂದುಕೊಳ್ಳಿ. ಪಿಎಫ್ ಶೇ. 12, ಅಂದರೆ 1,800. ಇಎಸ್‌ಐ ಶೇ. 0.75, ಸುಮಾರು 113. ಎರಡೂ ಕಳೆದು ಕೈಗೆ 13,087. ಪಿಎಫ್ ಹೋಯಿತಲ್ಲ ಅಂತ ಬೇಜಾರು ಬೇಡ. ಆಸ್ಪತ್ರೆಯವರೂ ತಮ್ಮ ಪಾಲು ಹಾಕುತ್ತಾರೆ, ಅದು ನಿಮ್ಮ ದುಡ್ಡೇ. ಜೊತೆಗೆ ಪಿಎಫ್ ದಾಖಲೆ ಅಂದರೆ ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಯಾರೂ ಅಲ್ಲಗಳೆಯಲಾಗದ ಸಾಕ್ಷಿ. ಸಂಬಳವನ್ನು ಬ್ಯಾಂಕಿಗೇ ಹಾಕಿಸಿಕೊಳ್ಳಿ. ಕವರಿನಲ್ಲಿ ಕೊಡುವ ಕಡೆ ಪಿಎಫ್ ಕೂಡ ಇರುವುದಿಲ್ಲ, ಮುಂದೆ ಅನುಭವ ಪತ್ರ ಕೇಳಿದರೆ ತಲೆ ಕೆರೆಯುತ್ತಾರೆ.

ಆ ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆ, ವಿಭಾಗ, ಆಸ್ಪತ್ರೆಯ ಬೆಡ್ ಸಂಖ್ಯೆ ಇರಬೇಕು. ಬಿಡುವ ದಿನವೇ ತೆಗೆದುಕೊಳ್ಳಿ.

ಸರ್ಕಾರಿ ಕೆಲಸದ ಕಡೆ ಒಂದು ಕಣ್ಣು

ಮನೆಯವರು "ಗೌರ್ಮೆಂಟ್ ಆಗೋವರೆಗೆ ಮನೇಲೇ ಇದ್ದು ಓದು" ಅನ್ನುತ್ತಾರೆ. ಬೇಡ. ಕೈ ಅಭ್ಯಾಸ ಹೋಗುತ್ತದೆ. ಕೆಲಸ ಮಾಡುತ್ತಲೇ ಓದಿ. ನಾರ್ಸೆಟ್, ರೈಲ್ವೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆ, ಹಿಮ್ಸ್‌ನ ಅಧಿಸೂಚನೆ, ಆರೋಗ್ಯ ಇಲಾಖೆಯ ನೇಮಕಾತಿ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆ. ಕೊನೆಯದಕ್ಕೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ನೋಟಿಸ್ ಬೋರ್ಡ್ ಮತ್ತು ಜಿಲ್ಲಾಡಳಿತದ ವೆಬ್‌ಸೈಟ್ ನೋಡುತ್ತಿರಿ. ಅರ್ಜಿಗೆ ಸಿಗುವ ದಿನಗಳು ಕಡಿಮೆ, ದಾಖಲೆ ರೆಡಿ ಇದ್ದವರಿಗೇ ಅನುಕೂಲ.

ಆ ದಾಖಲೆಗಳಲ್ಲಿ ಎರಡನ್ನು ನಮ್ಮ ಹಳ್ಳಿ ಮಕ್ಕಳು ಮರೆಯುತ್ತಾರೆ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ, ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಶೇ. 25. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಎರಡಕ್ಕೂ ನಿಗದಿತ ನಮೂನೆಯಲ್ಲಿ ಹೆಡ್‌ಮಾಸ್ಟರ್ ಸಹಿ, ಬಿಇಒ ಮೇಲುಸಹಿ ಬೇಕು. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಒಂದು ರಜೆಯಲ್ಲಿ ಊರಿಗೆ ಹೋದಾಗ ಇಷ್ಟೂ ಮುಗಿಸಿ. ನಿಮ್ಮ ಹಳೆ ಸ್ಕೂಲು ಮುಚ್ಚಿ ಹೋಗುವ ಮುಂಚೆ ಅಂತ ಸೇರಿಸಬೇಕೋ ಏನೋ.

"ಇಷ್ಟು ಲಕ್ಷ ಕೊಟ್ರೆ ಗುತ್ತಿಗೆ ಪೋಸ್ಟ್ ಪಕ್ಕಾ" ಅನ್ನುವವರು ಪ್ರತಿ ಅಧಿಸೂಚನೆಯ ಜೊತೆ ಹುಟ್ಟಿಕೊಳ್ಳುತ್ತಾರೆ. ಅಪ್ಪ ಕಾಫಿ ಮಾರಿದ ದುಡ್ಡು ತೆಗೆದು ಕೊಡುವ ಮುಂಚೆ ನನಗೊಂದು ಫೋನ್ ಮಾಡಿ ಅಂತ ನಮ್ಮ ಸಕಲೇಶಪುರದ ಹುಡುಗಿಯರಿಗೆ ಹೇಳಿಟ್ಟಿದ್ದೇನೆ.

ಸೇರುವ ಮುಂಚೆ, ಸೇರಿದ ಮೇಲೆ

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕಾಲೇಜಿನಲ್ಲಿ ಎರಡು ಹಾಕಿಸಿ ಮೂರನೆಯದು ಬಿಟ್ಟವರು ಬಹಳ. ಮುಗಿಸಿಕೊಳ್ಳಿ. ಡ್ಯೂಟಿಯಲ್ಲಿ ಸೂಜಿ ಚುಚ್ಚಿದರೆ ಹಿಂಡಬೇಡಿ. ಸೋಪು ನೀರಿನಲ್ಲಿ ತೊಳೆಯಿರಿ, ತಕ್ಷಣ ಇನ್‌ಚಾರ್ಜ್‌ಗೆ ಹೇಳಿ. ಎಚ್‌ಐವಿ ತಡೆಯುವ ಔಷಧಿ ಬೇಕು ಅಂತಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡುವ ವಿಷಯ ಇದಲ್ಲ.

ಮೊದಲ ವಾರ ಜೇಬಿನಲ್ಲಿ ಸಣ್ಣ ನೋಟ್‌ಬುಕ್, ಎರಡು ಪೆನ್ನು, ಸೆಕೆಂಡ್ ಮುಳ್ಳಿರುವ ವಾಚು. ಡಾಕ್ಟರ್‌ಗೆ ಫೋನ್ ಮಾಡುವ ಮುಂಚೆ ಬಿಪಿ, ಪಲ್ಸ್, ಸ್ಯಾಚುರೇಷನ್ ಬರೆದಿಟ್ಟುಕೊಳ್ಳಿ. "ಸರ್, ಪೇಶೆಂಟ್ ಯಾಕೋ ಒಂಥರಾ ಇದಾರೆ" ಅಂದರೆ ಅವರು ನಿದ್ದೆಗಣ್ಣಲ್ಲಿ ಏನು ಮಾಡಬೇಕು? ಗೊತ್ತಿಲ್ಲದ್ದನ್ನು "ಗೊತ್ತಿಲ್ಲ ಸಿಸ್ಟರ್, ಒಂದ್ಸಲ ತೋರಿಸಿ" ಅನ್ನಿ. ಮೊದಲ ಮೂರು ತಿಂಗಳು ಹಾಗೆ ಕೇಳುವ ಹಕ್ಕು ನಿಮಗಿದೆ. ಒಂದು ವರ್ಷ ಆದ ಮೇಲೆ ಅದೇ ಪ್ರಶ್ನೆ ಕೇಳಲು ನಾಚಿಕೆಯಾಗುತ್ತದೆ.

ಡ್ಯೂಟಿ ಚಾರ್ಟಿನಲ್ಲಿ ನಿಮ್ಮ ಹೆಸರಿನ ಮುಂದೆ ಮೊದಲ ನೈಟ್ ಬಂದ ದಿನ, ಡ್ಯೂಟಿಗೆ ಒಂದು ಗಂಟೆ ಮುಂಚೆ ಹೋಗಿ. ಎಮರ್ಜೆನ್ಸಿ ಟ್ರಾಲಿಯ ಒಂದೊಂದೇ ಡ್ರಾಯರ್ ತೆರೆದು ನೋಡಿ. ಸಕ್ಷನ್ ಆನ್ ಮಾಡಿ ನೋಡಿ. ಡ್ಯೂಟಿ ಡಾಕ್ಟರ್, ಬ್ಲಡ್ ಬ್ಯಾಂಕ್, ಐಸಿಯು ನಂಬರ್ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಬರೆದುಕೊಳ್ಳಿ. ಆಮೇಲೆ ಆಯಾ ಪಕ್ಕ ಕೂತು, ಒಂದು ಟೀ ಕುಡಿಯುತ್ತಾ, "ಅಮ್ಮಾ, ಸಿಲಿಂಡರ್ ಸ್ಪ್ಯಾನರ್ ಎಲ್ಲಿಡ್ತೀರಿ?" ಅಂತ ಕೇಳಿ.